ಬೆಲೆಪಟ್ಟಿಯ ಹಿಂದೆ ಕುಳಿತವರು

ಒಂದು ಆಷಾಢಮಾಸದಲ್ಲಿ, ಮದುವೆ ಮುಂಜಿ ಗೃಹಪ್ರವೇಶಗಳೆಲ್ಲ ನಿಂತು ಪುರೋಹಿತರೂ ಛತ್ರದವರೂ ಅಡುಗೆಯವರೂ ಒಟ್ಟಿಗೆ ವಿಶ್ರಾಂತಿಯಲ್ಲಿದ್ದ ಕಾಲದಲ್ಲಿ, ನನ್ನ ಸೋದರಳಿಯನೊಬ್ಬನು ಹೊಸ ಕಾರನ್ನು ಕೊಳ್ಳುವುದಾಗಿ ನಿಶ್ಚಯಿಸಿ, ಜೊತೆಯಲ್ಲಿ ಹಿರಿಯರೊಬ್ಬರಿದ್ದರೆ ಮಾತಿಗೆ ತೂಕ ಬರುತ್ತದೆಂಬ ಭ್ರಮೆಯಿಂದ ನನ್ನನ್ನು ಮೈಸೂರಿನ ಒಂದು ಷೋರೂಮಿಗೆ ಕರೆದುಕೊಂಡು ಹೋದನು. ಗಾಜಿನ ಗೋಡೆಗಳ ಆ ವಿಶಾಲವಾದ ಮಂದಿರದಲ್ಲಿ ನಾಲ್ಕಾರು ಕಾರುಗಳು ಸ್ವಯಂವರಕ್ಕೆ ಬಂದ ರಾಜಕುಮಾರರಂತೆ ಮೈ ಮಿರುಗಿಸುತ್ತ ನಿಂತಿದ್ದುವು. ಎರಡು ಲೋಟ ಕಾಫಿ ಬಂದಿತು. ಕೊರಳಿಗೆ ಗುರುತಿನ ಚೀಟಿಯನ್ನು ತೂಗಿಹಾಕಿಕೊಂಡ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದ, ವಿನಯಶೀಲನಾದ ಹುಡುಗನೊಬ್ಬನು ಎದುರಿಗೆ ಬಂದು ಕುಳಿತನು. ಅಂಗಡಿಗೆ ಹೋದವರೆಲ್ಲರೂ ಅನಾದಿಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆಯನ್ನೇ ನಾನೂ ಕೇಳಿದೆ: “ಈ ಕಾರಿಗೆ ಬೆಲೆ ಎಷ್ಟಪ್ಪ?”

ಅವನು ಕ್ಷಣಕಾಲ ನನ್ನ ಮುಖವನ್ನು ನೋಡಿ, “ಯಾವ ಬೆಲೆ ಸಾರ್?” ಎಂದನು.

ಆ ಪ್ರತಿಪ್ರಶ್ನೆಯಲ್ಲಿ ಅವಿನಯವೇನೂ ಇರಲಿಲ್ಲ. ಆ ಮಂದಿರದ ನಿತ್ಯವ್ಯವಹಾರದ ದೃಷ್ಟಿಯಿಂದ ನೋಡಿದರೆ ನನ್ನ ಪ್ರಶ್ನೆಯೇ ಅಪೂರ್ಣವಾಗಿತ್ತು. ಪತ್ರಿಕೆಯ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ‘ಎಕ್ಸ್‌-ಷೋರೂಂ’ ಬೆಲೆಯೊಂದು. ತೆರಿಗೆ ವಿಮೆ ಇತ್ಯಾದಿಗಳೆಲ್ಲ ಕೂಡಿ, ಕಾರು ರಸ್ತೆಗೆ ಇಳಿಯುವ ಹೊತ್ತಿಗೆ ತೆತ್ತಿರಬೇಕಾದ ‘ಆನ್‌ರೋಡ್’ ಬೆಲೆ ಇನ್ನೊಂದು. ರಿಯಾಯಿತಿ, ಹಳೆಯ ಗಾಡಿಯ ವಿನಿಮಯ, ನೌಕರರಿಗೆಂದು ಇರುವ ವಿಶೇಷ ಸೋಡಿ ಇವುಗಳನ್ನೆಲ್ಲ ಕಳೆದು, ಮ್ಯಾನೇಜರರ ಅಪ್ಪಣೆಯಾದ ಮೇಲೆ ಮಾತ್ರ ಹೊರಬೀಳುವ ಬೆಲೆ ಮತ್ತೊಂದು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ, ಯಾವುದೊಂದೂ ಪೂರ್ಣಸತ್ಯವೂ ಅಲ್ಲ. ಕೊನೆಗೆ ನಮ್ಮ ಕೈಗೆ ಬಂದದ್ದು ಹದಿಮೂರು ಸಾಲುಗಳಿದ್ದ ಒಂದು ಹಾಳೆ. ಅದಕ್ಕೆ ಅವರು ‘ಕೊಟೇಷನ್’ ಎನ್ನುತ್ತಾರೆ. ಕಾರಿನ ಹೆಸರು ಅದರ ಮೊದಲನೆಯ ಸಾಲಿನಲ್ಲಿ ಮಾತ್ರವಿತ್ತು; ಮಿಕ್ಕ ಹನ್ನೆರಡು ಸಾಲುಗಳು ಕಾರಲ್ಲದ ವಸ್ತುಗಳಿಗೆ ಮೀಸಲಾಗಿದ್ದುವು.

ನಮ್ಮ ಹಿಂದಿನ ತಲೆಯವರಿಗೆ ಈ ತೊಡಕು ಇರಲಿಲ್ಲ, ಏಕೆಂದರೆ ಅವರಿಗೆ ಕಾರೇ ಇರಲಿಲ್ಲ. ಸ್ವಾತಂತ್ರ್ಯಾನಂತರದ ಮೂರು ದಶಕಗಳ ಕಾಲ ಈ ದೇಶದಲ್ಲಿ ಕಾರು ಕೊಳ್ಳಬಯಸಿದವನ ಮುಂದಿದ್ದದ್ದು ಹಿಂದೂಸ್ಥಾನ್ ಮೋಟಾರ್ಸಿನ ಅಂಬಾಸಡರ್, ಬೊಂಬಾಯಿಯ ಪ್ರೀಮಿಯರ್ ಕಾರ್ಖಾನೆಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳೇ ಬಹುಮಟ್ಟಿಗೆ. ಸರ್ಕಾರವು ವಿತರಣೆಯನ್ನೂ ಮಾರಾಟವನ್ನೂ ನಿಯಂತ್ರಣಾಜ್ಞೆಗಳ ಮೂಲಕ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. 1969ರಲ್ಲಿ ಬೆಲೆಯನ್ನೇ ತಾನು ನಿಗದಿಮಾಡಿತು, ಆ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು, ಸರದಿ ಬಂದಾಗ ಸಿಕ್ಕಿದ ಬಣ್ಣವನ್ನು ಕಣ್ಣಿಗೊತ್ತಿಕೊಂಡು ತರುವುದು, ಇದಿಷ್ಟೇ ಅಂದಿನ ಗ್ರಾಹಕನ ಪಾಲಿನ ಕರ್ತವ್ಯವಾಗಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರೊಬ್ಬರ ಕೈಗೆ ಕೊಟ್ಟಾಗಲೂ ಆ ಸರದಿಯನ್ನು ತೀರ್ಮಾನಿಸಿದ್ದು ಚೀಟಿ ಎತ್ತುವ ಅದೃಷ್ಟವೇ. ಅಂದು ಬೆಲೆ ಒಂದೇ ಇತ್ತು, ಕಾರು ಇರಲಿಲ್ಲ. ಇಂದು ಕಾರುಗಳು ಊರ ಹೊರಗಿನ ಬಯಲುಗಳಲ್ಲಿ ಬಿಸಿಲಿಗೆ ಸಾಲಾಗಿ ನಿಂತಿವೆ, ಬೆಲೆ ಮಾತ್ರ ಕೈಗೆ ಸಿಕ್ಕುವುದಿಲ್ಲ. ಇದರಲ್ಲಿ ಯಾವುದು ಮೇಲೆಂದು ಕೇಳಿದರೆ ನಾನು ಇಂದಿನದನ್ನೇ ಆರಿಸಿಕೊಳ್ಳುವೆನು. ಆದರೆ ಆರಿಸಿಕೊಂಡಮಾತ್ರಕ್ಕೆ ಬೈಯುವ ಹಕ್ಕು ಹೋಗುವುದಿಲ್ಲವಷ್ಟೆ.

ಆ ಹದಿಮೂರು ಸಾಲುಗಳ ಪೈಕಿ ಮರುಮಾತಿಲ್ಲದೆ ತೆರಬೇಕಾದವು ಸರ್ಕಾರದ ಸಾಲುಗಳು. ಮೊದಲನೆಯದಾದ ಷೋರೂಂ ಬೆಲೆಯಲ್ಲಿಯೇ ಜಿಎಸ್‌ಟಿ ಆಗಲೇ ಅಡಗಿ ಕುಳಿತಿರುತ್ತದೆ: 2025ರ ಸೆಪ್ಟೆಂಬರ್ 22ರಿಂದ ಈಚೆಗೆ ನಾಲ್ಕು ಮೀಟರಿಗೆ ಮೀರದ ಉದ್ದದ, 1200 ಸಿಸಿಗೆ ಮೀರದ ಪೆಟ್ರೋಲ್ ಎಂಜಿನ್ನಿನ ಅಥವಾ 1500 ಸಿಸಿಗೆ ಮೀರದ ಡೀಸೆಲ್ ಎಂಜಿನ್ನಿನ ಕಾರುಗಳಿಗೆ ಶೇಕಡಾ 18, ಅದಕ್ಕೆ ಮಿಗಿಲಾದವುಗಳಿಗೆ ಶೇಕಡಾ 40. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಈ ವಿಷಯದಲ್ಲಿ ಕರ್ನಾಟಕವು ದೇಶದ ಅಗ್ರಪಂಕ್ತಿಯಲ್ಲಿರುವುದು ನಮಗೆ ಹೆಮ್ಮೆಯೋ ದುಃಖವೋ ತಿಳಿಯದು. ಐದು ಲಕ್ಷದವರೆಗೆ ಶೇಕಡಾ 13, ಹತ್ತು ಲಕ್ಷದವರೆಗೆ 14, ಇಪ್ಪತ್ತು ಲಕ್ಷದವರೆಗೆ 17, ಅದರಾಚೆಗೆ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ಶೇಕಡಾ 11ರ ಸೆಸ್. ನನ್ನ ಸೋದರಳಿಯನು ನೋಡಿದ ಕಾರಿನ ಷೋರೂಂ ಬೆಲೆ 8,90,000 ರೂಪಾಯಿ. ಅದಕ್ಕೆ ತೆರಿಗೆ 1,24,600, ಸೆಸ್ 13,706, ಒಟ್ಟು 1,38,306. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಮೇಲಿನ ದರವು ಹತ್ತು ಲಕ್ಷಕ್ಕೆ ಮೀರಿದ ಭಾಗಕ್ಕೆ ಮಾತ್ರವಲ್ಲದೆ ಇಡೀ ಬೆಲೆಗೇ ತಗಲುವುದರಿಂದ, 9,99,000 ರೂಪಾಯಿಯ ಕಾರಿಗೂ 10,01,000 ರೂಪಾಯಿಯ ಕಾರಿಗೂ ಬೆಲೆಯಲ್ಲಿ ಎರಡೇ ಸಾವಿರದ ಅಂತರವಿದ್ದರೆ, ತೆರಿಗೆಯಲ್ಲಿ ಮೂವತ್ತಮೂರು ಸಾವಿರಕ್ಕೂ ಮಿಕ್ಕ ಅಂತರ ಬೀಳುತ್ತದೆ. “ಇನ್ನು ಸ್ವಲ್ಪ ಹಾಕಿದ್ರೆ ಮೇಲಿನ ಮಾಡೆಲೇ ಬರತ್ತೆ ಸಾರ್” ಎಂದು ಹುಡುಗನು ಹೇಳುವಾಗ ಆ ‘ಸ್ವಲ್ಪ’ವು ಯಾವ ಗೆರೆಯನ್ನು ದಾಟುತ್ತಿದೆಯೆಂಬುದನ್ನು ಕೊಳ್ಳುವವನೇ ನೋಡಿಕೊಳ್ಳಬೇಕು. ಹತ್ತು ಲಕ್ಷ ದಾಟಿದ ಕಾರಿಗೆ ಮಾರಾಟಗಾರನು ಶೇಕಡಾ 1ರಷ್ಟು ಆದಾಯ ತೆರಿಗೆಯನ್ನೂ ವಸೂಲುಮಾಡುತ್ತಾನೆ. ಅದು ನಷ್ಟವಲ್ಲ, ರಿಟರ್ನ್ ಸಲ್ಲಿಸುವಾಗ ನಮ್ಮ ಲೆಕ್ಕಕ್ಕೆ ಜಮೆಯಾಗುವ ಹಣ. ಆದರೆ ಇದನ್ನು ಬಾಯಿಬಿಟ್ಟು ಹೇಳುವವರು ವಿರಳ.

ಸರ್ಕಾರದ ಸಾಲುಗಳು ಮುಗಿದ ಮೇಲೆ ವಿಮೆಯ ಸಾಲು ಬರುತ್ತದೆ. ಷೋರೂಮಿನ ನಿಜವಾದ ರಂಗಸ್ಥಳವು ಇದು.

ಇದನ್ನು ಅರಿಯಲು ವಿಮೆಯ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಬೇಕು. ನಮ್ಮ ಕಾರಿನಿಂದ ಅನ್ಯರಿಗೆ ಆಗಬಹುದಾದ ಹಾನಿಗೆ ಸಂಬಂಧಿಸಿದ ‘ಥರ್ಡ್ ಪಾರ್ಟಿ’ ವಿಮೆಯು ಕಡ್ಡಾಯವಾದದ್ದು. ಸರ್ವೋಚ್ಚ ನ್ಯಾಯಾಲಯದ ಆದೇಶಕ್ಕನುಸಾರವಾಗಿ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಇದನ್ನು ಒಮ್ಮೆಗೇ ಮೂರು ವರ್ಷಕ್ಕೆ ಕೊಳ್ಳಬೇಕು. ಇದರ ದರವು ಸರ್ಕಾರವೇ ಗೊತ್ತುಮಾಡಿದ್ದು. 2022ರಲ್ಲಿ ಪ್ರಕಟವಾದ ದರದಂತೆ 1000ದಿಂದ 1500 ಸಿಸಿಯೊಳಗಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ. ಯಾವ ಕಂಪನಿಯ ಬಾಗಿಲಿಗೆ ಹೋದರೂ ಇದರಲ್ಲಿ ಹೆಚ್ಚುಕಡಿಮೆಯಿಲ್ಲ. ಹೆಚ್ಚುಕಡಿಮೆಯೆಲ್ಲ ಇರುವುದು ನಮ್ಮ ಕಾರಿಗೇ ಆಗಬಹುದಾದ ಹಾನಿಯ ಭಾಗದಲ್ಲಿ. ಅದನ್ನು ಒಂದೊಂದು ವರ್ಷಕ್ಕೆ ಕೊಂಡರೆ ಸಾಕು, ಎಲ್ಲಿಂದ ಬೇಕಾದರೂ ಕೊಳ್ಳಬಹುದು, ಮತ್ತು ಅದರ ದರ ಕಂಪನಿಯಿಂದ ಕಂಪನಿಗೆ, ದಲ್ಲಾಳಿಯಿಂದ ದಲ್ಲಾಳಿಗೆ ಬೇರೆಯಾಗುತ್ತದೆ. ಕಾರು ಮಾರುವವರೇ ವಿಮೆಯನ್ನೂ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಕ್ರಮವಾದ ಒಪ್ಪಿಗೆಯನ್ನು ಕೊಟ್ಟಿತು, ಅದಕ್ಕೆ ಅವರಿಗೆ ಪ್ರತಿಫಲವೂ ಉಂಟು. ಆದರೆ ತಮ್ಮಲ್ಲಿಯೇ ಕೊಳ್ಳಬೇಕೆಂದು ಗ್ರಾಹಕನನ್ನು ಬಲಾತ್ಕರಿಸಕೂಡದೆಂಬುದು ಆ ಒಪ್ಪಿಗೆಯೊಡನೆಯೇ ಹೇಳಿದ ಮಾತು.

ಹಾಳೆಯಲ್ಲಿ ವಿಮೆಗೆ 41,300 ರೂಪಾಯಿ ಎಂದಿತ್ತು. ಸೋದರಳಿಯನು ತನ್ನ ಮೊಬೈಲನ್ನು ತೆಗೆದು, ಅದೇ ಕಾರಿಗೆ, ಅದೇ ಮೌಲ್ಯಕ್ಕೆ, ಸವಕಳಿಯನ್ನು ಕಳೆಯದೆ ಪೂರ್ತಿ ಕೊಡುವ ಷರತ್ತನ್ನೂ ಸೇರಿಸಿ, ಬೇರೊಂದು ಕಂಪನಿಯ 28,700 ರೂಪಾಯಿಯ ದರವನ್ನು ತೋರಿಸಿದನು. ಹುಡುಗನ ಮುಖವು ಒಮ್ಮೆಲೆ ಕಳೆಗುಂದಿತು. ಹೊರಗಿನ ವಿಮೆಯಾದರೆ ಅಪಘಾತವಾದಾಗ ತಮ್ಮ ಕಾರ್ಯಾಗಾರದಲ್ಲಿ ಕೈಯಿಂದ ಹಣ ಕಟ್ಟದೆ ರಿಪೇರಿ ಮಾಡಿಸಲಾಗದೆಂದು ಮೊದಲು ಹೇಳಿದನು. ಆ ಕಂಪನಿಯ ಪಟ್ಟಿಯಲ್ಲಿ ಅದೇ ಕಾರ್ಯಾಗಾರದ ಹೆಸರಿದ್ದುದನ್ನು ತೋರಿಸಿದ ಮೇಲೆ, ಹೊರಗಿನ ವಿಮೆಯಾದರೆ ನೋಂದಣಿ ತಡವಾಗುತ್ತದೆಂದನು. ಅದೂ ನಿಲ್ಲದೆ ಹೋದಾಗ, ಹಾಗಾದರೆ ರಿಯಾಯಿತಿಯಲ್ಲಿ ಹದಿನೈದು ಸಾವಿರ ಕಡಿತವಾಗುತ್ತದೆಂದು, ಕೊನೆಯ ಬಾಣವನ್ನು ಹೂಡುವವನಂತಲ್ಲ, ತಪ್ಪೊಪ್ಪಿಕೊಳ್ಳುವವನಂತೆ ಮೆಲ್ಲನೆ ಹೇಳಿದನು. ಬಲಾತ್ಕಾರವೆಂಬ ಮಾತಿನ ಅರ್ಥವು ಎಷ್ಟು ಸೂಕ್ಷ್ಮವಾದದ್ದೆಂದು ನನಗೆ ಆಗ ಹೊಳೆಯಿತು. ಯಾರೂ ನಮ್ಮ ಕೈ ತಿರುಚಲಿಲ್ಲ. ನಮ್ಮ ಹಣವನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕುವ ಬಗೆಯನ್ನು ತೋರಿಸಿದರು, ಅಷ್ಟೆ.

“ಮಾವ, ಮ್ಯಾನೇಜರನ್ನೇ ಕರೀತೀನಿ” ಎಂದು ಅಳಿಯನು ಎದ್ದನು. ಮ್ಯಾನೇಜರರು ಬಂದರು, ಕೈಕುಲುಕಿದರು, ಇನ್ನೊಂದು ಕಾಫಿ ತರಿಸಿದರು, ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಮೇಲಿನವರನ್ನು ಕೇಳಿ ಹೇಳುವುದಾಗಿಯೂ ಹೇಳಿ ಒಳಗೆ ಹೋದರು. ಒಂದು ಗಾಜಿನ ಕೋಣೆಯಲ್ಲಿ ಅವರು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿರುವುದು ನಮಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನಲವತ್ತು ನಿಮಿಷವಾಯಿತು. ಹೀಗೆ ಕಾಯಿಸುವುದೂ ವ್ಯಾಪಾರದ ಒಂದು ಅಂಗವೆಂದು ತಿಳಿದವರು ಹೇಳುತ್ತಾರೆ. ಮೂರು ಗಂಟೆ ಕುಳಿತವನಿಗೆ ಬರಿಗೈಯಲ್ಲಿ ಎದ್ದುಹೋಗಲು ಮನಸ್ಸು ಬಾರದು.

ಉಳಿದ ಸಾಲುಗಳನ್ನು ಬೇಗನೆ ದಾಟಿಬಿಡಬಹುದು. ‘ಹ್ಯಾಂಡ್ಲಿಂಗ್ ಚಾರ್ಜಸ್’ ಎಂಬ ಒಂದು ಸಾಲು ಇತ್ತು, 8,500 ರೂಪಾಯಿ. ದಾಸ್ತಾನು ಬಯಲಿನಿಂದ ಷೋರೂಮಿನವರೆಗೆ ಕಾರನ್ನು ತಂದು, ತೊಳೆದು, ನಿಲ್ಲಿಸುವುದಕ್ಕೆ ಎಂದು ವಿವರಣೆ. ಭತ್ತದ ಅಂಗಡಿಯವನು ಗೋದಾಮಿನಿಂದ ಮೂಟೆ ಹೊರಿಸಿದ ಕೂಲಿಯನ್ನು ಪ್ರತ್ಯೇಕವಾಗಿ ನಮ್ಮ ಲೆಕ್ಕಕ್ಕೆ ಬರೆದರೆ ನಾವು ಒಪ್ಪುತ್ತೇವೆಯೆ? ಸರ್ಕಾರಕ್ಕೆ ಸಲ್ಲಬೇಕಾದ ಶುಲ್ಕಗಳಲ್ಲಿ ಇಂಥ ಹೆಸರಿನದೊಂದು ಇಲ್ಲ. ಯಾವ ನಿಯಮದಂತೆ ಇದನ್ನು ತೆಗೆದುಕೊಳ್ಳುತ್ತೀರಿ, ಇದಕ್ಕೆ ಬೇರೆ ರಸೀದಿ ಕೊಡುತ್ತೀರಾ ಎಂದು ಮೃದುವಾಗಿ ಕೇಳಿದಾಗ ಅದು ಸದ್ದಿಲ್ಲದೆ ಹಾಳೆಯಿಂದ ಮಾಯವಾಯಿತು. ಕೇಳದವರ ಹಾಳೆಯಲ್ಲಿ ಉಳಿದಿರುತ್ತದೆಂದೇ ಇದರ ಅರ್ಥ. ಅನಂತರ ಕಾಲೊರಸು, ಮಡ್‌ಫ್ಲಾಪ್, ಸೀಟಿನ ಹೊದಿಕೆಗಳು ಸೇರಿದ ‘ಕಿಟ್’, ಮೈಗೆ ಬಳಿಯುವ ಯಾವುದೋ ಲೇಪ, ಹೆಚ್ಚುವರಿ ವಾರಂಟಿ. ಕಡೆಯದು ಕೆಲವರಿಗೆ ಉಪಯುಕ್ತವೇ, ಆದರೆ ಅದನ್ನು ಆ ದಿನವೇ ಕೊಳ್ಳಬೇಕಾದ ನಿರ್ಬಂಧವೇನೂ ಸಾಮಾನ್ಯವಾಗಿ ಇರುವುದಿಲ್ಲ. ಸಾಲ ಬೇಕಾದವರು ಬಡ್ಡಿಯು ಇಳಿಯುವ ಅಸಲಿನ ಮೇಲೋ ಮೂಲ ಅಸಲಿನ ಮೇಲೋ ಎಂಬ ಒಂದೇ ಪ್ರಶ್ನೆಯನ್ನು ಬಿಡದೆ ಕೇಳಬೇಕು. ಎರಡನೆಯದಾದರೆ ಸಣ್ಣದಾಗಿ ಕಾಣುವ ದರವು ವಾಸ್ತವದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ.

ಇಷ್ಟನ್ನೂ ಓದಿದ ಓದುಗರು ಷೋರೂಮಿನವರೆಲ್ಲ ವಂಚಕರೆಂದು ನಾನು ಹೇಳುತ್ತಿರುವೆನೆಂದು ಭಾವಿಸಬಹುದು. ಹಾಗಲ್ಲ. ಮ್ಯಾನೇಜರರು ಗಾಜಿನ ಕೋಣೆಯಲ್ಲಿದ್ದ ಆ ನಲವತ್ತು ನಿಮಿಷಗಳಲ್ಲಿ ನಾನು ಎದುರಿನ ಹುಡುಗನೊಡನೆ ಲೋಕಾಭಿರಾಮವಾಗಿ ಮಾತಿಗಿಳಿದೆನು. ತನಗೆ ಸಂಬಳ ಅಲ್ಪವೆಂದೂ, ತಿಂಗಳಿಗೆ ಇಂತಿಷ್ಟು ಕಾರು ಎಂಬ ಗುರಿಯಿರುವಂತೆಯೇ ಇಂತಿಷ್ಟು ವಿಮೆ, ಇಂತಿಷ್ಟು ಕಿಟ್ಟು, ಇಂತಿಷ್ಟು ಸಾಲ ಎಂಬ ಗುರಿಗಳೂ ಇವೆಯೆಂದೂ, ಕಾರು ಮಾರಿ ವಿಮೆ ಮಾರದಿದ್ದರೆ ಮಾರಿದ ಪುಣ್ಯವೂ ಅರ್ಧವೇ ಎಂದೂ ಅವನು ಸಂಕೋಚದಿಂದ ಹೇಳಿದನು. ಅವನು ಕಾರನ್ನು ಮಾರುತ್ತಿರಲಿಲ್ಲ. ಕಾರನ್ನು ನೆಪವಾಗಿಟ್ಟುಕೊಂಡು ಕಾಗದಗಳನ್ನು ಮಾರುತ್ತಿದ್ದನು. ಮಾರಲೇಬೇಕಾದ ಸ್ಥಿತಿಯಲ್ಲಿ ಅವನ ಯಜಮಾನನೂ ಇದ್ದನು.

ಯಜಮಾನನ ಸ್ಥಿತಿಯನ್ನು ಸ್ವಲ್ಪ ವಿಸ್ತರಿಸಬೇಕು. ಡೀಲರನು ಕಂಪನಿಯ ಗುಮಾಸ್ತನಲ್ಲ. ತನ್ನ ಹಣದಿಂದ, ಬಹುಮಟ್ಟಿಗೆ ಬ್ಯಾಂಕಿನ ಸಾಲದಿಂದ, ಕಂಪನಿಯಿಂದ ಕಾರುಗಳನ್ನು ಸಗಟಾಗಿ ಕೊಂಡು ತಂದಿಟ್ಟುಕೊಳ್ಳುವ ವ್ಯಾಪಾರಿ. ಕಾರ್ಖಾನೆಯ ಬಾಗಿಲು ದಾಟಿದ ಕಾರು ಕಂಪನಿಯ ಪಾಲಿಗೆ ಮಾರಾಟವಾದ ಕಾರೇ. ಡೀಲರನ ಪಾಲಿಗಾದರೋ ಅದು ಅಂದಿನಿಂದ ಬಡ್ಡಿ ತಿನ್ನಲು ಆರಂಭಿಸಿದ ಕಾರು. ಡೀಲರುಗಳ ಒಕ್ಕೂಟವು ಮೂರು ವಾರಗಳ ಮಾರಾಟಕ್ಕೆ ಸಾಕಾಗುವಷ್ಟು ದಾಸ್ತಾನು ಸಾಕೆಂದು ಬಹುಕಾಲದಿಂದ ಬೇಡುತ್ತ ಬಂದಿದ್ದರೂ, 2024ರ ಹಬ್ಬಗಳ ಮುನ್ನ ಅದು 80ರಿಂದ 85 ದಿನಗಳಷ್ಟು ಬೆಳೆದು ನಿಂತಿತ್ತೆಂದು ಅದೇ ಒಕ್ಕೂಟವು ಹೇಳಿಕೊಂಡಿತು. ಕಾರಿನಿಂದ ಬರುವ ಲಾಭಾಂಶವೋ ಬೆಲೆಯಲ್ಲಿ ಕೆಲವೇ ಶೇಕಡಾ ಅಂಶಗಳು. ಬಡ್ಡಿ, ಬಾಡಿಗೆ, ವಿದ್ಯುಚ್ಛಕ್ತಿ, ಆ ಗಾಜಿನ ಮಂದಿರದ ವೈಭವ, ಎಲ್ಲವೂ ಅದರಿಂದಲೇ ನಡೆಯಬೇಕು. ಆದ್ದರಿಂದಲೇ ಹಾಳೆಯ ಮಿಕ್ಕ ಸಾಲುಗಳು ಹುಟ್ಟಿಕೊಂಡವು.

ಹಾಗಾದರೆ ಅವನು ತನ್ನ ಲಾಭದಲ್ಲೇ ಕೊಂಚ ಬಿಟ್ಟುಕೊಟ್ಟು ಪಕ್ಕದ ಊರಿನ ಡೀಲರನಿಗಿಂತ ಅಗ್ಗವಾಗಿ ಏಕೆ ಮಾರಬಾರದು? ಇದರ ಉತ್ತರವು ಭಾರತ ಸ್ಪರ್ಧಾ ಆಯೋಗದ ಒಂದು ಆದೇಶದಲ್ಲಿದೆ. 2021ರ ಆಗಸ್ಟಿನಲ್ಲಿ ಆಯೋಗವು ಮಾರುತಿ ಸುಜುಕಿ ಸಂಸ್ಥೆಗೆ 200 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಕಂಪನಿಯು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ರಿಯಾಯಿತಿಯನ್ನು ಡೀಲರುಗಳು ಕೊಡಬಾರದೆಂಬ ಕಟ್ಟುಪಾಡು ಇದ್ದಿತೆಂದೂ, ಗ್ರಾಹಕರ ವೇಷದಲ್ಲಿ ಷೋರೂಮುಗಳಿಗೆ ಜನರನ್ನು ಕಳುಹಿಸಿ ಪರೀಕ್ಷೆ ಮಾಡಿಸುತ್ತಿದ್ದರೆಂದೂ, ಮೀರಿದವರಿಗೆ ದಂಡ ಬೀಳುತ್ತಿತ್ತೆಂದೂ ಆಯೋಗದ ನಿರ್ಣಯ. ಸಂಸ್ಥೆಯು ಇದನ್ನು ಒಪ್ಪದೆ ಮೇಲ್ಮನವಿ ಹೋಯಿತು. 2017ರಲ್ಲಿ ಇಂಥದೇ ಆಪಾದನೆಯ ಮೇಲೆ ಹ್ಯುಂಡೈ ಸಂಸ್ಥೆಗೆ ಬಿದ್ದಿದ್ದ 87 ಕೋಟಿಯ ದಂಡವು ಮರುವರ್ಷ ಮೇಲ್ಮನವಿಯಲ್ಲಿ ರದ್ದಾದುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಕೊನೆಯ ತೀರ್ಪು ಏನೇ ಇರಲಿ, ಆಯೋಗವು ವರ್ಣಿಸಿದ ಆ ವೇಷಧಾರಿ ಗ್ರಾಹಕರ ಕಥೆಯನ್ನು ಓದಿದ ಮೇಲೆ, ಮೊಬೈಲಿನಲ್ಲಿ ದರಗಳನ್ನು ಸಿದ್ಧಮಾಡಿಕೊಂಡು ಬಂದಿದ್ದ ನನ್ನ ಸೋದರಳಿಯನನ್ನು ಮ್ಯಾನೇಜರರು ಅಷ್ಟು ಅನುಮಾನದಿಂದ ಏಕೆ ನೋಡಿದರೆಂಬುದು ನನಗೆ ಅರ್ಥವಾಯಿತು.

ಆದರೆ ಕಂಪನಿಗೂ ಡೀಲರನಿಗೂ ಇರುವ ಈ ಸಂಬಂಧದ ಇನ್ನೊಂದು ಮುಖವು ಕೊಳ್ಳುವವನಿಗೆ ತೀವ್ರವಾಗಿ ತಟ್ಟುವುದು ಏನಾದರೂ ಕೆಟ್ಟಾಗ. ಗೋವೆಯ ಗ್ರಾಹಕರೊಬ್ಬರು 2011ರಲ್ಲಿ ಹೊಸ ಕಾರೆಂದು ಹಣ ಕಟ್ಟಿದರು. ಬಂದದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿಲೋಮೀಟರು ಓಡಿ, ತಳದಲ್ಲಿ ತುಕ್ಕು ಹಿಡಿದಿದ್ದ ಕಾರು. ಗ್ರಾಹಕ ವೇದಿಕೆಗಳು ಡೀಲರನೊಡನೆ ತಯಾರಕ ಸಂಸ್ಥೆಯನ್ನೂ ಹೊಣೆಗಾರನನ್ನಾಗಿ ಮಾಡಿದುವು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 2021ರ ಫೆಬ್ರವರಿಯಲ್ಲಿ, ಕಂಪನಿಗೂ ಡೀಲರನಿಗೂ ಇರುವುದು ಧಣಿ ಆಳುಗಳ ಸಂಬಂಧವಲ್ಲ, ಇಬ್ಬರು ಸ್ವತಂತ್ರ ವ್ಯಾಪಾರಿಗಳ ನಡುವಿನ ಕ್ರಯವಿಕ್ರಯ ಸಂಬಂಧ; ಡೀಲರನ ತಪ್ಪು ಕಂಪನಿಗೆ ತಿಳಿದಿತ್ತೆಂದು ತೋರಿಸದ ಹೊರತು ಅದನ್ನು ಕಂಪನಿಯ ಮೇಲೆ ಹೊರಿಸಲಾಗದು ಎಂದು ತೀರ್ಪಾಯಿತು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಇದು ಯುಕ್ತವೇ ಇರಬಹುದು. ಆದರೆ ಬಾಗಿಲ ಮೇಲಿನ ಹೆಸರೂ ಹುಡುಗನ ಅಂಗಿಯ ಮೇಲಿನ ಲಾಂಛನವೂ ಕಂಪನಿಯದಾಗಿರುವಾಗ, ರಿಯಾಯಿತಿಯ ಮಾತು ಬಂದರೆ ಎಲ್ಲವನ್ನೂ ನಿರ್ಧರಿಸುವವರು ಮೇಲಿನವರು, ದೂರಿನ ಮಾತು ಬಂದರೆ ಮೇಲಿನವರಿಗೆ ಸಂಬಂಧವಿಲ್ಲ ಎಂಬ ಈ ವಿಚಿತ್ರವನ್ನು ಸಾಮಾನ್ಯನು ಹೇಗೆ ಅರಗಿಸಿಕೊಳ್ಳಬೇಕು?

ಆ ಗೋವೆಯವರ ಪಾಡು ಬಾರದಿರಲು ಒಂದು ಉಪಾಯವಿದೆ. ಪ್ರತಿಯೊಂದು ಕಾರಿನ ಮೈಮೇಲೂ ಹದಿನೇಳು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆಯೊಂದಿರುತ್ತದೆ; ತಯಾರಾದ ವರ್ಷ ತಿಂಗಳುಗಳು ಅದರಲ್ಲಿಯೋ ಬಾಗಿಲ ಬಳಿಯ ಫಲಕದಲ್ಲಿಯೋ, ಕಂಪನಿಗೊಂದು ಬಗೆಯಲ್ಲಿ, ನಮೂದಾಗಿರುತ್ತವೆ. ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೆ ಕಾಗದ ಹೋಗುವ ಮೊದಲು, ಹಗಲು ಬೆಳಕಿನಲ್ಲಿ ಆ ಕಾರನ್ನೇ ಕಣ್ಣಾರೆ ನೋಡಬೇಕು: ಓಡಿದ ಕಿಲೋಮೀಟರು, ಬಣ್ಣದ ತೇಪೆ, ಟೈರುಗಳು ತಯಾರಾದ ವಾರ, ಹೀಗೆ. ನೋಂದಣಿಯಾದ ಮೇಲೆ ಆ ಕಾರು ಕಾನೂನಿನ ಕಣ್ಣಿನಲ್ಲಿ ನಮ್ಮದೇ. ಆಮೇಲಿನ ದೂರಿಗೆ ದಾರಿ ಗ್ರಾಹಕ ಆಯೋಗದ್ದು ಮಾತ್ರ, ಅದು ಇರುವುದೇನೋ ನಿಜ, ಹತ್ತಿರದ ದಾರಿಯಲ್ಲ. ನನ್ನ ಸೋದರಳಿಯನು ಊರ ಹೊರಗಿನ ಬಯಲಿಗೇ ಹೋಗಿ, ನೂರಾರು ಕಾರುಗಳ ನಡುವೆ ತನ್ನದನ್ನು ಹುಡುಕಿ, ಒಂದು ಗಂಟೆ ಅದರ ಸುತ್ತ ಪ್ರದಕ್ಷಿಣೆ ಮಾಡಿ ಬಂದನು. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ಶ್ರದ್ಧೆ ತೋರಿಸಿರಲಿಲ್ಲವೆಂದು ನನ್ನ ತಂಗಿ ಹೇಳಿದಳು.

ಷೋರೂಮಿನ ವಿಷಯ ಬಂದಾಗ ನಮ್ಮ ರಾಜ್ಯದವರು ಯಾರೂ ಮರೆತಿರಲಾರದ ಒಂದು ಪ್ರಸಂಗ 2022ರ ಜನವರಿಯಲ್ಲಿ ತುಮಕೂರಿನಲ್ಲಿ ನಡೆದದ್ದು. ಸರಕು ಸಾಗಿಸುವ ಗಾಡಿಯೊಂದನ್ನು ನೋಡಲು ಸ್ನೇಹಿತರೊಡನೆ ಬಂದ ಯುವ ರೈತರೊಬ್ಬರನ್ನು ಅಲ್ಲಿಯ ನೌಕರನೊಬ್ಬನು ಉಡುಪು ನೋಡಿ ಅಳೆದು, ಹತ್ತು ಲಕ್ಷ ಹಾಗಿರಲಿ, ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದೆಂಬರ್ಥದ ಮಾತನ್ನಾಡಿದನೆಂದೂ, ಅವರು ಒಂದು ಗಂಟೆಯೊಳಗೆ ಹತ್ತು ಲಕ್ಷ ರೂಪಾಯಿ ತಂದು, ಈಗಲೇ ಗಾಡಿ ಕೊಡಿ ಎಂದು ನಿಂತರೆಂದೂ ಪತ್ರಿಕೆಗಳು ವರದಿಮಾಡಿದುವು. ಷೋರೂಮಿನವರು ಗಾಡಿ ಕೊಡಲು ದಿನಗಳು ಬೇಕೆಂದರು, ಜಗಳವಾಗಿ ಪೊಲೀಸರು ಬಂದರು, ಕ್ಷಮಾಪಣೆಯಾಯಿತು, ಕಂಪನಿಯ ಅಧ್ಯಕ್ಷರೂ ವ್ಯಕ್ತಿಯ ಘನತೆಯನ್ನು ಕಾಯುವ ಮಾತನ್ನಾಡಿದರು, ಗಾಡಿ ಅನಂತರ ಅವರ ಮನೆಗೆ ಬಂದಿತು. ಎಲ್ಲರೂ ಈ ಕಥೆಯನ್ನು ಅಪಮಾನ ಮತ್ತು ಅದರ ಪ್ರತೀಕಾರದ ಕಥೆಯಾಗಿಯೇ ಹೇಳಿದರು, ಹೇಳಬೇಕಾದದ್ದೂ ಹಾಗೆಯೇ. ನನಗಾದರೋ ಅದರ ನಡುವಿನ ಒಂದು ಸಂಗತಿ ಕುತೂಹಲಕರವಾಗಿ ಕಂಡಿತು. ನೋಂದಣಿಯಿಲ್ಲದೆ, ಕನಿಷ್ಠ ಪಕ್ಷ ತಾತ್ಕಾಲಿಕ ನೋಂದಣಿಯಾದರೂ ಇಲ್ಲದೆ, ಡೀಲರನು ಗಾಡಿಯನ್ನು ಕೊಳ್ಳುವವನ ಕೈಗೆ ಒಪ್ಪಿಸುವಂತಿಲ್ಲವೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆಯ ಕಾನೂನು 2017ರಿಂದ ನಿಷೇಧಿಸಿದೆ. ಎಂದಮೇಲೆ, ಜಗತ್ತಿನ ಸಮಸ್ತ ವಿನಯವನ್ನೂ ತುಂಬಿಕೊಂಡ ನೌಕರನಿದ್ದಿದ್ದರೂ ಆ ದಿನ ಆ ನೋಟಿನ ಕಟ್ಟುಗಳನ್ನು ಎಣಿಸಿಕೊಂಡು ಗಾಡಿಯನ್ನು ಬಿಟ್ಟುಕೊಡುವಂತಿರಲಿಲ್ಲ. ನೌಕರನಿಗೆ ಮೊದಲೇ ಗೊತ್ತಿದ್ದ, ಗ್ರಾಹಕನಿಗೆ ಯಾರೂ ಹೇಳದ ಇಂಥ ಸಣ್ಣ ಸಂಗತಿಗಳೇ ಷೋರೂಮಿನ ಅರ್ಧ ಜಗಳಗಳ ಬೀಜ. ಮಿಕ್ಕರ್ಧಕ್ಕೆ ಆ ದಿನದ ನಾಲಗೆಯೇ ಸಾಕಾಗಿತ್ತು.

ನಮ್ಮ ಕಥೆಗೆ ಹಿಂತಿರುಗುತ್ತೇನೆ. ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆಯಾದುದರಿಂದ ರಿಯಾಯಿತಿ ಹೆಚ್ಚೆಂಬ ಲೆಕ್ಕಾಚಾರದ ಮೇಲೆಯೇ ಸೋದರಳಿಯನು ಹೊರಟಿದ್ದನು. ಲೆಕ್ಕಾಚಾರವೇನೋ ಸರಿಯಿತ್ತು, ಆದರೆ ಆ ರಿಯಾಯಿತಿಯು ತಿಂಗಳ ಕೊನೆಯ ತಾರೀಖಿನೊಳಗೆ ಬಿಲ್ಲಾದ ಕಾರಿಗೆ ಮಾತ್ರವೆಂದು ಹಾಳೆಯ ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿತ್ತು. ತಾನು ಬದುಕಿರುವವರೆಗೆ ಆಷಾಢದಲ್ಲಿ ಹೊಸ ಗಾಡಿ ಮನೆಯ ಮುಂದೆ ನಿಲ್ಲಕೂಡದೆಂದು ನನ್ನ ತಂಗಿಯ ಶಾಸನ. ಕಂಪನಿಯದು ಇಂಗ್ಲಿಷು ತಿಂಗಳು, ತಂಗಿಯದು ಚಾಂದ್ರಮಾನ. ಎರಡು ಪಂಚಾಂಗಗಳ ನಡುವೆ ಸಂಧಾನ ಮಾಡಲು ಹುಡುಗನು ಒಂದು ವಾರ ಓಡಾಡಿ, ಮೂವತ್ತೊಂದನೆಯ ತಾರೀಖಿನಂದು ಬಿಲ್ಲನ್ನು ಹಾಕಿ, ಕಾರನ್ನು ಶ್ರಾವಣದ ಮೊದಲ ಶುಕ್ರವಾರದವರೆಗೆ ತಮ್ಮಲ್ಲಿಯೇ ಇಟ್ಟುಕೊಳ್ಳುವುದಾಗಿ ಒಪ್ಪಿದನು. ವಿಮೆಯು ಅಂದಿನಿಂದಲೇ ಸವೆಯಲಾರಂಭಿಸುತ್ತದೆಂಬುದನ್ನು ನಾನು ತಂಗಿಗೆ ಹೇಳಲಿಲ್ಲ. ವಿಮೆ ಹೊರಗಿನದೇ ಆಯಿತು. ರಿಯಾಯಿತಿಯಲ್ಲಿ ಹದಿನೈದರ ಬದಲು ಐದು ಸಾವಿರ ಕಡಿತವಾಯಿತು. ಕಿಟ್ಟನ್ನು ನಾವು ಕೊಳ್ಳಲೇಬೇಕಾಯಿತು. ಯಾರು ಗೆದ್ದರೆಂದು ನನಗೆ ಇಂದಿಗೂ ತಿಳಿಯದು.

ಕಾರನ್ನು ಕೊಟ್ಟ ದಿನ ಅದಕ್ಕೆ ರೇಷ್ಮೆಯ ಹೊದಿಕೆ ಹಾಕಿ, ಕೆಂಪು ಪಟ್ಟಿ ಕಟ್ಟಿದ್ದರು. ಒಂದು ಕೇಕನ್ನು ತಂದಿಟ್ಟು, ಮೂರಡಿ ಉದ್ದದ ರಟ್ಟಿನ ಕೀಲಿಕೈಯನ್ನು ಕೈಗೆ ಕೊಟ್ಟು ಎಲ್ಲರನ್ನೂ ನಿಲ್ಲಿಸಿ ಚಿತ್ರ ತೆಗೆದರು. ತಂಗಿಯು ಆ ವೈಭವಕ್ಕೆ ಸೊಪ್ಪು ಹಾಕದೆ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣುಗಳನ್ನಿಟ್ಟು ಕುಂಕುಮ ಹಚ್ಚಿ ಈಡುಗಾಯಿ ಒಡೆಸಿದಳು. ಎರಡನೆಯ ಕೀಲಿಕೈ ಎಲ್ಲಿ ಎಂದು ನಾನು ಕೇಳಿದ್ದರಿಂದ ಅದು ಒಳಗಿನ ಯಾವುದೋ ಮೇಜಿನಿಂದ ಹೊರಬಂದಿತು. ಹೊರಡುವಾಗ ಹುಡುಗನು ಅಳಿಯನನ್ನು ಸ್ವಲ್ಪ ದೂರಕ್ಕೆ ಕರೆದು, ಕೈಗಳನ್ನು ಹೆಚ್ಚುಕಡಿಮೆ ಜೋಡಿಸಿಯೇ ಹೇಳಿದನು: “ಸಾರ್, ಕಂಪ್ನಿಯಿಂದ ಫೋನ್ ಬರತ್ತೆ. ದಯವಿಟ್ಟು ಎಲ್ಲದಕ್ಕೂ ಹತ್ತಕ್ಕೆ ಹತ್ತು ಹೇಳಿಬಿಡಿ ಸಾರ್. ಒಂಬತ್ತು ಅಂದ್ರೂ ನನ್ನ ಇನ್ಸೆಂಟಿವ್ ಹೋಗತ್ತೆ.”

ಫೋನು ಮೂರನೆಯ ದಿನ, ನಾವೆಲ್ಲ ಊಟಕ್ಕೆ ಕುಳಿತಿದ್ದಾಗ ಬಂದಿತು. ಅತ್ಯಂತ ಮಧುರವಾದ ಸ್ತ್ರೀಕಂಠವೊಂದು, ಷೋರೂಮಿನ ಸ್ವಚ್ಛತೆ ಹೇಗಿತ್ತು, ಪಾನೀಯಗಳ ಉಪಚಾರ ಹೇಗಿತ್ತು, ನೌಕರನು ನಗುಮುಖದಿಂದ ಮಾತನಾಡಿದನೆ, ಕಾರಿನ ವೈಶಿಷ್ಟ್ಯಗಳನ್ನು ವಿವರಿಸಿದನೆ ಎಂದು ಒಂದೊಂದಾಗಿ ಕೇಳುತ್ತ ಬಂದಿತು. ಅಳಿಯನು ಅನ್ನ ಕಲೆಸುತ್ತಲೇ “ಹತ್ತು”, “ಹತ್ತು”, “ಹತ್ತು” ಎನ್ನುತ್ತಿದ್ದನು. ವಿಮೆಯ ವಿಷಯವನ್ನೂ ಆ ಎಂಟೂವರೆ ಸಾವಿರದ ವಿಷಯವನ್ನೂ ಹೇಳು ಎಂದು ನಾನು ಎಡಗೈಯಿಂದ ಸನ್ನೆ ಮಾಡಿದೆನು. ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಹೇಳಿದನು: “ಅದನ್ನ ಕೇಳ್ತಾನೇ ಇಲ್ಲ ಮಾವ.”